ಬಾವಿಯೊಳಗೆ ಕೊಡಕ್ಕೆ ಭಾರವಿಲ್ಲ

(ನಮ್ಮೂರಿನ ಗ್ರಂಥಾಲಯದ ಭಾನುವಾರದ ಕೂಟದಲ್ಲಿ ಆಡಿದ ಮಾತಿನ ಬರಹರೂಪ. ಮಾತಾಡುವಾಗ ಮೇಜಿನ ಮೇಲೆ ಒಂದು ಬಕೆಟ್ ನೀರು, ಎರಡು ಮೊಟ್ಟೆ, ಒಂದು ಲ್ಯಾಕ್ಟೋಮೀಟರ್, ಗೆಳೆಯರೊಬ್ಬರ ಅಂಗಡಿಯಿಂದ ತಂದ ಚಿನ್ನ ತೂಗುವ ಪುಟ್ಟ ತಕ್ಕಡಿ ಇದ್ದವು. ಓದುವವರು ಅವನ್ನು ಕಣ್ಣ ಮುಂದೆ ತಂದುಕೊಳ್ಳಬೇಕು.)

ಇಲ್ಲಿ ಕೂತವರಲ್ಲಿ ಬಾವಿಯಿಂದ ನೀರು ಸೇದಿದವರು ಎಷ್ಟು ಜನ? ಒಮ್ಮೆ ಕೈ ಎತ್ತಿ. ನಲವತ್ತು ದಾಟಿದವರೆಲ್ಲ ಎತ್ತಿದಿರಿ. ಹುಡುಗರಲ್ಲಿ ಒಬ್ಬನೂ ಇಲ್ಲ. ಇರಲಿ, ದೊಡ್ಡವರೇ ಸಾಕ್ಷಿ ಹೇಳಲಿ.

ರಾಟೆಯ ಮೇಲೆ ಹಗ್ಗ ಬಿಟ್ಟು ಕೊಡ ಇಳಿಸುತ್ತೀರಿ. ಖಾಲಿ ಕೊಡ ನೀರು ಮುಟ್ಟಿದ ಕೂಡಲೇ ಅಡ್ಡಬಿದ್ದು ತೇಲುತ್ತದೆ. ಹಗ್ಗವನ್ನು ಒಂದೆರಡು ಸಲ ಎತ್ತಿ ಕುಕ್ಕಿದರೆ ಬಾಯಿ ಒಳಗಾಗಿ, ಗುಳುಗುಳು ಅನ್ನುತ್ತ ತುಂಬಿಕೊಂಡು ಮುಳುಗುತ್ತದೆ. ಈಗ ಎಳೆಯಿರಿ. ಮೊದಮೊದಲು ಭಾರವೇ ಇಲ್ಲ, ಒಂದೇ ಕೈಗೆ ಬರುತ್ತದೆ. ಕೊಡದ ಕಂಠ ನೀರಿನಿಂದ ಹೊರಗೆ ಬಂದಿದ್ದೇ ತಡ, ಹಗ್ಗ ಬಿಗಿಯುತ್ತದೆ, ರಾಟೆ ಕಿರುಗುಟ್ಟುತ್ತದೆ, ಇನ್ನೊಂದು ಕೈಯೂ ಬೇಕಾಗುತ್ತದೆ, ಕಾಲನ್ನು ಕಟ್ಟೆಗೆ ಒತ್ತಿ ನಿಲ್ಲಬೇಕಾಗುತ್ತದೆ. ಕೊಡ ಅದೇ, ಒಳಗಿನ ನೀರೂ ಅಷ್ಟೇ. ನಡುವೆ ಏನಾಯಿತು?

ಚಿಕ್ಕವನಿದ್ದಾಗ ನಮ್ಮಜ್ಜಿಯನ್ನು ಕೇಳಿದ್ದೆ. "ನೀರಲ್ಲಿ ನೀರಿಗೆಂಥ ಭಾರವೋ" ಅಂದಿದ್ದಳು. ಆಗ ಅದು ಹಾರಿಕೆಯ ಉತ್ತರ ಅನ್ನಿಸಿತ್ತು. ಆಮೇಲೆ ಭೌತಶಾಸ್ತ್ರ ಓದಿದೆ, ಮೂವತ್ತು ವರ್ಷ ಅದನ್ನೇ ಪಾಠ ಮಾಡಿದೆ. ಇವತ್ತು ನಿಮ್ಮ ಮುಂದೆ ಹೇಳಲು ಬಂದಿರುವುದು ಅಜ್ಜಿಯ ಆ ಮಾತಿಗಿಂತ ಹೆಚ್ಚಿನದೇನಲ್ಲ.

ಲೆಕ್ಕ ನೋಡಿ. ಹಿತ್ತಾಳೆ ಕೊಡ 3 ಕೆ.ಜಿ. ಇದೆ, ಅದರಲ್ಲಿ 10 ಲೀಟರ್ ನೀರು ಹಿಡಿಯುತ್ತದೆ ಅನ್ನಿ. ಹೊರಗೆ ತೂಗಿದರೆ 13 ಕೆ.ಜಿ. ಬಾವಿಯೊಳಗೆ ಮುಳುಗಿದ್ದಾಗ ನಿಮ್ಮ ಕೈಗೆ ಸಿಗುವ ಭಾರ 2 ಕೆ.ಜಿ. 650 ಗ್ರಾಂ. ಹತ್ತು ಲೀಟರ್ ನೀರಿನ ಭಾರ ಪೂರ್ತಿ ಮಾಯ. ಅಷ್ಟೇ ಅಲ್ಲ, ಹಿತ್ತಾಳೆಯದೂ ಮುನ್ನೂರೈವತ್ತು ಗ್ರಾಂ ಮಾಯ. ಯಾಕೆಂದರೆ ಅಷ್ಟು ಹಿತ್ತಾಳೆ ಸುಮಾರು 350 ಮಿಲಿಲೀಟರ್ ಜಾಗ ಹಿಡಿಯುತ್ತದೆ.

ಶಾಲೆಯಲ್ಲಿ ಇದನ್ನು ಹೇಗೆ ಕಲಿಸುತ್ತೇವೆ? ನೀರಿಗಿಂತ ಸಾಂದ್ರತೆ ಕಡಿಮೆಯಿದ್ದರೆ ತೇಲುತ್ತದೆ, ಹೆಚ್ಚಿದ್ದರೆ ಮುಳುಗುತ್ತದೆ, ಇದಕ್ಕೆ ಪ್ಲವನತೆ ಎಂದು ಹೆಸರು, ಎರಡು ಅಂಕ. ಪಾಪ, ಪ್ಲವ ಅಂದರೆ ದೋಣಿ ಅಂತ ಕೂಡ ಮಕ್ಕಳಿಗೆ ಯಾರೂ ಹೇಳುವುದಿಲ್ಲ. 2021ರ ಯುಗಾದಿಗೆ ಪ್ಲವ ಸಂವತ್ಸರ ಬಂದಾಗ ನಮ್ಮ ಓಣಿಯಲ್ಲಿ ಅದರ ಅರ್ಥ ಬಲ್ಲವರು ಪುರೋಹಿತರೊಬ್ಬರೇ. ನಾನೂ ಹಾಗೇ ಪಾಠ ಮಾಡಿದವನು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದು ತೀರ್ಪು ಮಾತ್ರ, ವಿಚಾರಣೆ ಅಲ್ಲ. ಕೊಡವನ್ನು ಕೆಳಗಿನಿಂದ ಎತ್ತಿ ಹಿಡಿದವರು ಯಾರು? ಅದಕ್ಕೆ ಉತ್ತರ ಅಲ್ಲಿ ಸಿಗುವುದಿಲ್ಲ.

ಈಗ ಈ ಬಕೆಟ್ಟಿನ ನೀರು ನೋಡಿ. ಅಲುಗಾಡದೆ ನಿಂತಿದೆ. ಇದರ ನಡುವೆ ಒಂದು ತೆಂಗಿನಕಾಯಿ ಗಾತ್ರದಷ್ಟು ನೀರನ್ನು ಮನಸ್ಸಿನಲ್ಲೇ ಗೆರೆ ಹಾಕಿ ಬೇರೆ ಮಾಡಿ. ಆ ಉಂಡೆಗೂ ತೂಕ ಇದೆಯಷ್ಟೆ? ಒಂದು ಲೀಟರ್ ಇದ್ದರೆ ಒಂದು ಕೆ.ಜಿ. ಹಾಗಾದರೆ ಅದು ಯಾಕೆ ಕೆಳಕ್ಕೆ ಬೀಳುತ್ತಿಲ್ಲ? ಸುತ್ತಲಿನ ನೀರು ಅದನ್ನು ಹಿಡಿದುಕೊಂಡಿದೆ, ಸರಿಯಾಗಿ ಒಂದು ಕೆ.ಜಿ. ಬಲದಿಂದ. ಕಮ್ಮಿ ಹಿಡಿದಿದ್ದರೆ ಉಂಡೆ ಇಳಿಯುತ್ತಿತ್ತು, ಹೆಚ್ಚು ಹಿಡಿದಿದ್ದರೆ ಏರುತ್ತಿತ್ತು.

ಇನ್ನು ಮುಂದಿನ ಹೆಜ್ಜೆ ಕಣ್ಣು ಮುಚ್ಚಿ ಕೇಳಿಸಿಕೊಳ್ಳಿ. ಆ ನೀರಿನ ಉಂಡೆಯನ್ನು ತೆಗೆದು, ಅದೇ ಆಕಾರದ, ಅದೇ ಗಾತ್ರದ ಕಬ್ಬಿಣದ ಉಂಡೆಯನ್ನು ಅದೇ ಜಾಗದಲ್ಲಿ ಇಟ್ಟೆ. ಸುತ್ತಲಿನ ನೀರಿಗೆ ಒಳಗೆ ಬಂದಿರುವವರು ಯಾರು ಅಂತ ಗೊತ್ತಾಗುತ್ತದೆಯೇ? ಅದಕ್ಕೇನು ಗೊತ್ತು! ಅದು ಹಿಂದೆ ಹೇಗೆ ಒತ್ತುತ್ತಿತ್ತೋ ಈಗಲೂ ಹಾಗೇ ಒತ್ತುತ್ತದೆ, ಒಂದೇ ಕೆ.ಜಿ. ಆದರೆ ಬಂದಿರುವ ಗಿರಾಕಿ ಸುಮಾರು 7.9 ಕೆ.ಜಿ. ಹಿಡಿತ ಸಾಲದು, ಮುಳುಗುತ್ತಾನೆ. ಅದೇ ಜಾಗದಲ್ಲಿ ಮರದ ಉಂಡೆ ಇಟ್ಟರೆ? ಅದು ಅರ್ಧ ಕೆ.ಜಿ., ಹಿಡಿತ ಒಂದು ಕೆ.ಜಿ., ಮೇಲಕ್ಕೆ ದೂಡಿಸಿಕೊಳ್ಳುತ್ತದೆ. ಎಲ್ಲಿಯವರೆಗೆ? ಅರ್ಧ ಉಂಡೆ ನೀರಿನಿಂದ ಹೊರಗೆ ಬರುವವರೆಗೆ. ಆಗ ಜಾಗ ಬಿಟ್ಟುಕೊಟ್ಟ ನೀರು ಅರ್ಧ ಲೀಟರ್, ಹಿಡಿತವೂ ಅರ್ಧ ಕೆ.ಜಿ., ಲೆಕ್ಕ ಚುಕ್ತಾ.

ಹಾಗಾಗಿ ತೇಲುತ್ತದೋ ಮುಳುಗುತ್ತದೋ ಅಂತ ತಿಳಿಯಲು ವಸ್ತುವನ್ನಷ್ಟೇ ದಿಟ್ಟಿಸಿದರೆ ಆಗುವುದಿಲ್ಲ. ಅದು ಬಂದದ್ದರಿಂದ ಜಾಗ ಬಿಟ್ಟು ಹೋಯಿತಲ್ಲ, ಆ ನೀರನ್ನು ನೋಡಬೇಕು. ಬಾವಿಯ ಕೊಡದೊಳಗಿನ ನೀರು ತನ್ನಷ್ಟೇ ನೀರಿನ ಜಾಗದಲ್ಲಿ ಕೂತಿದೆ. ಭಾರವೆಲ್ಲಿಂದ ಬರಬೇಕು?

ನೀರು ಹಿಡಿದುಕೊಳ್ಳುವುದು ಹೇಗೆ ಅನ್ನುವುದಕ್ಕೂ ಒಂದು ಸಣ್ಣ ಲೆಕ್ಕ. ಆಳಕ್ಕೆ ಹೋದಷ್ಟೂ ನೀರಿನ ಒತ್ತಡ ಹೆಚ್ಚು. ಒಂದು ಸೆಂ.ಮೀ. ಇಳಿದರೆ, ಪ್ರತಿ ಚದರ ಸೆಂ.ಮೀ. ಮೇಲೆ ಒಂದು ಗ್ರಾಂ ಭಾರ ಜಾಸ್ತಿ. ಹತ್ತು ಸೆಂ.ಮೀ. ಉದ್ದ, ಅಗಲ, ಎತ್ತರದ ಒಂದು ಡಬ್ಬಿಯ ಮೇಲ್ಮೈ 20 ಸೆಂ.ಮೀ. ಆಳದಲ್ಲಿದೆ ಅನ್ನಿ. ಅದರ ಮೇಲೆ ನೀರು ಕೆಳಕ್ಕೆ ಒತ್ತುವುದು 2 ಕೆ.ಜಿ. ತಳ ಇರುವುದು 30 ಸೆಂ.ಮೀ. ಆಳದಲ್ಲಿ, ಅಲ್ಲಿ ಮೇಲಕ್ಕೆ ಒತ್ತುವುದು 3 ಕೆ.ಜಿ. ಬಾಕಿ ಉಳಿದದ್ದು ಮೇಲ್ಮುಖವಾಗಿ 1 ಕೆ.ಜಿ. ಡಬ್ಬಿಯ ಗಾತ್ರ ಎಷ್ಟು? ಒಂದು ಲೀಟರ್. ಅದನ್ನೇ ಒಂದು ಮೀಟರ್ ಇನ್ನೂ ಕೆಳಗೆ ಇಳಿಸಿದರೆ ಮೇಲಿನದು 12, ಕೆಳಗಿನದು 13. ವ್ಯತ್ಯಾಸ ಮತ್ತೆ ಒಂದೇ. ಆಳಕ್ಕೆ ಹೋದರೆ ನೀರು ಜಾಸ್ತಿ ಎತ್ತುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ, ಹಾಗೇನಿಲ್ಲ. ಹಾಗೆಯೇ ಅಂಟು ಕೆಸರಿನಲ್ಲಿ ಹೂತುಕೊಂಡ ವಸ್ತುವಿನ ತಳಕ್ಕೆ ನೀರು ನುಗ್ಗದಿದ್ದರೆ ಎತ್ತುವವರೇ ಇಲ್ಲ. ಗದ್ದೆಯ ಕೆಸರಿನಲ್ಲಿ ಚಪ್ಪಲಿ ಬಿಟ್ಟು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಹೇಳಿದ ಮೇಲೆ ಆರ್ಕಿಮಿಡೀಸ್‌ನ ಕಥೆ ಬರಲೇಬೇಕು. ಬರದಿದ್ದರೆ ನೀವು ಬಿಡುವುದಿಲ್ಲ. ಸಿಸಿಲಿ ದ್ವೀಪದ ಸಿರಾಕ್ಯೂಸ್ ಊರಿನವನು, ಕ್ರಿ.ಪೂ. 212ರಲ್ಲಿ ರೋಮನ್ನರು ಆ ಊರು ಹಿಡಿದಾಗ ಸೈನಿಕನೊಬ್ಬನ ಕೈಯಲ್ಲಿ ಸತ್ತ. ರಾಜನ ಕಿರೀಟದಲ್ಲಿ ಅಕ್ಕಸಾಲಿ ಬೆಳ್ಳಿ ಬೆರೆಸಿದ್ದಾನೋ ಎಂಬ ಅನುಮಾನ, ಸ್ನಾನದ ತೊಟ್ಟಿಗೆ ಇಳಿದಾಗ ನೀರು ಚೆಲ್ಲಿದ್ದು, ಬರೀ ಮೈಯಲ್ಲಿ ಬೀದಿಗೆ ಓಡಿದ್ದು, ಯುರೇಕಾ. ಇದನ್ನು ನಮಗೆ ಹೇಳಿದವನು ವಿಟ್ರೂವಿಯಸ್ ಎಂಬ ರೋಮನ್ ವಾಸ್ತುಶಿಲ್ಪಿ, ಅದೂ ಆರ್ಕಿಮಿಡೀಸ್ ಸತ್ತು ಇನ್ನೂರು ವರ್ಷದ ಹತ್ತಿರ ಕಳೆದ ಮೇಲೆ. ತೇಲುವ ವಸ್ತುಗಳ ಬಗ್ಗೆ ಆರ್ಕಿಮಿಡೀಸ್ ತಾನೇ ಬರೆದ ಎರಡು ಭಾಗದ ಪುಸ್ತಕ ಉಳಿದಿದೆ. ಅದರಲ್ಲಿ ಕಿರೀಟವೂ ಇಲ್ಲ, ತೊಟ್ಟಿಯೂ ಇಲ್ಲ, ಬರೀ ರೇಖಾಗಣಿತ.

ಕಥೆಯಲ್ಲಿ ಹೇಳುವ ಹಾಗೆ ಚೆಲ್ಲಿದ ನೀರನ್ನು ಅಳೆದು ಕಳ್ಳನನ್ನು ಹಿಡಿಯಬಹುದಿತ್ತೇ? ಹಿಡಿಯಲು ಹೊರಟವನ ಪಾಡು ನೋಡಿ. ಒಂದು ಕೆ.ಜಿ. ಅಪ್ಪಟ ಚಿನ್ನ ಹಿಡಿಯುವ ಜಾಗ ಸುಮಾರು 52 ಮಿಲಿಲೀಟರ್. ಅದರಲ್ಲಿ 300 ಗ್ರಾಂ ಚಿನ್ನ ತೆಗೆದು ಅಷ್ಟೇ ತೂಕದ ಬೆಳ್ಳಿ ಸೇರಿಸಿದರೆ ಸುಮಾರು 65. ವ್ಯತ್ಯಾಸ 13 ಮಿಲಿಲೀಟರ್, ಅಂದರೆ ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಹಿಡಿಯುವಷ್ಟು. ಕಿರೀಟ ಇಳಿಸಲು ಒಂದು ಗೇಣಿನಷ್ಟಾದರೂ ಅಗಲದ ಪಾತ್ರೆ ಬೇಡವೇ? 20 ಸೆಂ.ಮೀ. ಅಗಲದ ಪಾತ್ರೆಯಲ್ಲಿ ನೀರಿನ ಮಟ್ಟದ ವ್ಯತ್ಯಾಸ ಅರ್ಧ ಮಿಲಿಮೀಟರ್ ಕೂಡ ಆಗುವುದಿಲ್ಲ. ಅಂಚಿಗೆ ಅಂಟಿದ ನೀರೇ ಅದಕ್ಕಿಂತ ಹೆಚ್ಚು. ಯಾವ ಅಕ್ಕಸಾಲಿಯೂ ಈ ಸಾಕ್ಷ್ಯಕ್ಕೆ ತಲೆ ಕೊಡುತ್ತಿರಲಿಲ್ಲ.

1586ರಲ್ಲಿ ಇಪ್ಪತ್ತೆರಡು ವರ್ಷದ ಗೆಲಿಲಿಯೊ ಇದೇ ಮಾತು ಹೇಳಿದ. ಅಂಥ ಬುದ್ಧಿವಂತ ಇಷ್ಟು ಒರಟು ವಿಧಾನ ಬಳಸಿರಲಾರ, ತಕ್ಕಡಿಯನ್ನೇ ನೀರಿಗೆ ತಂದಿರಬೇಕು ಅಂತ ಅವನ ಊಹೆ. ತಕ್ಕಡಿಯ ಒಂದು ಕಡೆ ಕಿರೀಟ, ಇನ್ನೊಂದು ಕಡೆ ಅಷ್ಟೇ ತೂಕದ ಅಪ್ಪಟ ಚಿನ್ನ ತೂಗುಹಾಕಿ ಎರಡನ್ನೂ ನೀರಿಗೆ ಇಳಿಸಿ. ಗಾಳಿಯಲ್ಲಿ ಸಮ ಇದ್ದದ್ದು ನೀರಿನಲ್ಲಿ ಸಮ ಇರುವುದಿಲ್ಲ. ಬೆಳ್ಳಿ ಬೆರೆತ ಕಡೆ ಜಾಗ ಹೆಚ್ಚು ಹಿಡಿದಿದೆ, ನೀರು ಅದನ್ನು 13 ಗ್ರಾಂ ಹೆಚ್ಚು ಎತ್ತುತ್ತದೆ. ಅರ್ಧ ಮಿಲಿಮೀಟರ್ ಕಣ್ಣಿಗೆ ಬೀಳುವುದಿಲ್ಲ, 13 ಗ್ರಾಂ ಯಾವ ಹಳ್ಳಿಯ ತಕ್ಕಡಿಯಲ್ಲೂ ಬೀಳುತ್ತದೆ. ಗೆಲಿಲಿಯೊ ತನ್ನ ತಕ್ಕಡಿಯ ದಂಡಕ್ಕೆ ಕೂದಲಿನಂಥ ತಂತಿಯನ್ನು ಒತ್ತೊತ್ತಾಗಿ ಸುತ್ತಿ ಅಳತೆ ಮಾಡಿದ. ಅಷ್ಟು ಸಣ್ಣ ಸುತ್ತುಗಳನ್ನು ಕಣ್ಣಿನಿಂದ ಎಣಿಸಲಾಗದು ಅಂತ ಚೂಪು ಮೊನೆಯೊಂದನ್ನು ಅವುಗಳ ಮೇಲೆ ಎಳೆದು, ಕಿವಿಗೂ ಕೈಗೂ ಸಿಗುವ ಟಕ್ ಟಕ್ ಎಣಿಸಿದ. ನನಗೆ ಯುರೇಕಾಕ್ಕಿಂತ ಆ ಟಕ್ ಟಕ್ ಇಷ್ಟ.

ಇನ್ನು ಅಡುಗೆಮನೆಗೆ ಬರೋಣ. ಉದ್ದಿನ ವಡೆಗೆ ಹಿಟ್ಟು ರುಬ್ಬಿದ ಮೇಲೆ ಸರಿಯಾಗಿದೆಯೋ ಇಲ್ಲವೋ ಹೇಗೆ ನೋಡುತ್ತೀರಿ? ಮುಂದಿನ ಸಾಲಿನ ಅಮ್ಮ ಹೇಳಿದರು, ಒಂದು ಬಟ್ಟಲು ನೀರಿಗೆ ಚೂರು ಹಿಟ್ಟು ಬಿಟ್ಟು ನೋಡುತ್ತೇವೆ, ತೇಲಿದರೆ ಹದ, ಮುಳುಗಿದರೆ ಇನ್ನೂ ಬೀಸಬೇಕು. ಬೀಸಿದ್ದರಿಂದ ಹಿಟ್ಟಿನ ತೂಕವೇನೂ ಇಳಿಯಲಿಲ್ಲ. ಒಳಗೆ ಗಾಳಿ ಸೇರಿ ಹಿಟ್ಟು ಉಬ್ಬಿತು, ಅದೇ ತೂಕಕ್ಕೆ ಹೆಚ್ಚು ಜಾಗ ಹಿಡಿಯಿತು. ಬಾಣಲೆಗೆ ಬಿಟ್ಟ ಬೋಂಡ ಮೊದಲು ತಳಕ್ಕೆ ಹೋಗಿ ಆಮೇಲೆ ಏಳುವುದೂ ಇದೇ ಕತೆ, ಅಲ್ಲಿ ಗಾಳಿಯ ಬದಲು ಹಿಟ್ಟಿನೊಳಗಿನ ನೀರಿನ ಹಬೆ.

ಮರ ತೇಲುವುದು ಹಗುರ ಇರುವುದರಿಂದ ಅಂತ ನಾವು ಅಂದುಕೊಂಡಿದ್ದೇವೆ. ಮರದ ತಿರುಳು ಹಗುರ ಅಲ್ಲವೇ ಅಲ್ಲ. ಜೀವಕೋಶಗಳ ಗೋಡೆಯನ್ನಷ್ಟೇ ತೆಗೆದು ನೋಡಿದರೆ ಅದು ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಹಲಸಾಗಲಿ ಮಾವಾಗಲಿ ಹೆಚ್ಚುಕಮ್ಮಿ ಒಂದೇ. ತೇಲಿಸುವುದು ಗೋಡೆಗಳ ನಡುವಿನ ಪೊಳ್ಳು. ಆ ಪೊಳ್ಳಿನಲ್ಲಿ ಗಾಳಿ ಇದ್ದರೆ ತೇಲುತ್ತದೆ, ನೀರು ತುಂಬಿದರೆ ಮುಳುಗುತ್ತದೆ. ಬರ್ಮಾದ ಕಾಡುಗಳಲ್ಲಿ ತೇಗವನ್ನು ಹಸಿಯಾಗಿ ಕಡಿದು ನದಿಗೆ ಬಿಡುತ್ತಿರಲಿಲ್ಲ. ಬುಡದ ಸುತ್ತ ತೊಗಟೆಯನ್ನೂ ಹಸಿಮರವನ್ನೂ ಉಂಗುರದ ಹಾಗೆ ಕೆತ್ತಿ, ಮರ ನಿಂತಲ್ಲೇ ಒಣಗಲು ಎರಡು ಮೂರು ವರ್ಷ ಕಾಯುತ್ತಿದ್ದರು. ಇಲ್ಲದಿದ್ದರೆ ದಿಮ್ಮಿ ತೇಲಿ ಬರುತ್ತಿರಲಿಲ್ಲ, ನದಿಯ ತಳ ಸೇರುತ್ತಿತ್ತು. ಕರಿಮರ ಒಣಗಿದರೂ ಮುಳುಗುತ್ತದೆ, ಅದರಲ್ಲಿ ಪೊಳ್ಳೇ ಕಮ್ಮಿ. ಹಳ್ಳಿಯಲ್ಲಿ ಈಜು ಕಲಿತವರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡದ್ದು ನೆನಪಿದೆಯೇ? ಅದೂ ಪೊಳ್ಳೇ. ಬೆನ್ನಿನ ಪೊಳ್ಳಿಗಿಂತ ಎದೆಯ ಪೊಳ್ಳು ದೊಡ್ಡದು ಅಂತ ಗೊತ್ತಾದ ದಿನ ಈಜು ಬರುತ್ತದೆ. ಉಸಿರು ತುಂಬಿಕೊಂಡರೆ ಹೆಚ್ಚಿನವರ ಮೈ ನೀರಿಗಿಂತ ತುಸುವೇ ಹಗುರ, ಪೂರ್ತಿ ಬಿಟ್ಟರೆ ತುಸುವೇ ಭಾರ. ನಡುವೆ ಒಂದು ಕೂದಲೆಳೆ.

ಮೊಟ್ಟೆಯದು ಸ್ವಲ್ಪ ತಮಾಷೆಯ ವಿಷಯ. ಇಗೋ, ಇದು ನಿನ್ನೆಯದು, ತಳದಲ್ಲಿ ಅಡ್ಡ ಮಲಗಿತು. ಇದು ಮೂರು ವಾರದ್ದು, ತಳ ಬಿಡದೆ ಎದ್ದು ನಿಂತಿದೆ ನೋಡಿ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ತೂತುಗಳಿವೆ. ಅವುಗಳ ಮೂಲಕ ನೀರಿನಂಶ ಆರಿ ಹೋಗುತ್ತದೆ, ಆ ಜಾಗಕ್ಕೆ ಗಾಳಿ ಬರುತ್ತದೆ. ಗಾತ್ರ ಅಷ್ಟೇ, ತೂಕ ಇಳಿಯಿತು. ಅಗಲ ತುದಿಯಲ್ಲಿ ಗಾಳಿಯ ಕೋಣೆ ದೊಡ್ಡದಾದ್ದರಿಂದ ಆ ಕಡೆ ಮೇಲೆ. ಇನ್ನೂ ಹಳತಾದರೆ ತೇಲಿಯೇ ಬಿಡುತ್ತದೆ, ಆಗ ಅದನ್ನು ಒಡೆಯುವ ಧೈರ್ಯ ಮಾಡಬೇಡಿ.

ತಾಜಾ ಮೊಟ್ಟೆಯನ್ನೇ ತೇಲಿಸಬೇಕಾದರೆ? ನೀರಿಗೆ ಉಪ್ಪು ಹಾಕಿ. ಇದು ಆಟ ಅಲ್ಲ, ಭತ್ತದ ಬೇಸಾಯ. ಬಿತ್ತನೆ ಭತ್ತವನ್ನು ಬರೀ ನೀರಿಗೆ ಸುರಿದರೆ ತೀರಾ ಜೊಳ್ಳಾದದ್ದು ಮಾತ್ರ ಮೇಲೆ ಬರುತ್ತದೆ. ಅರೆಗಟ್ಟಿ ಕಾಳು ನೀರಿಗಿಂತ ಸ್ವಲ್ಪ ಭಾರ, ಅದು ಗಟ್ಟಿಕಾಳಿನ ಜೊತೆ ತಳಕ್ಕೆ ಹೋಗಿ ಕೂತುಬಿಡುತ್ತದೆ. ಅದಕ್ಕೆ ಮೊದಲು ನೀರಿನೊಳಗೆ ಒಂದು ತಾಜಾ ಮೊಟ್ಟೆ ಬಿಟ್ಟು, ಅದು ಮೇಲೆದ್ದು ನಾಣ್ಯದಷ್ಟು ಅಗಲ ಹೊರಗೆ ಕಾಣುವವರೆಗೆ ಉಪ್ಪು ಕರಗಿಸುತ್ತಾರೆ. ಈಗ ಭತ್ತ ಸುರಿದರೆ ಅರೆಗಟ್ಟಿ ಕಾಳೂ ತೇಲುತ್ತದೆ, ಗಟ್ಟಿಕಾಳು ಮಾತ್ರ ಕೆಳಗೆ. ಮೇಲಿನದನ್ನು ಬಾಚಿ ತೆಗೆದು, ಕೆಳಗಿನದನ್ನು ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆದು ಸಸಿಮಡಿಗೆ ಹಾಕುತ್ತಾರೆ. ತೊಳೆಯುವುದು ಮರೆತರೆ ಉಪ್ಪಿಗೆ ಮೊಳಕೆ ಸುಟ್ಟು ಹೋಗುತ್ತದೆ. ಇಲ್ಲಿ ಕಾಳನ್ನು ಯಾರೂ ಮುಟ್ಟಲಿಲ್ಲ, ಬದಲಾಯಿಸಿದ್ದು ನೀರನ್ನು. ಯಾರು ಪಾಸು ಯಾರು ಫೇಲು ಅನ್ನುವ ಗೆರೆಯನ್ನು ಒಂದು ಮೊಟ್ಟೆ ಇಟ್ಟುಕೊಂಡು ನಮಗೆ ಬೇಕಾದಲ್ಲಿ ಎಳೆದುಕೊಂಡೆವು.

ಅದೇ ಉಪಾಯವನ್ನು ತಲೆಕೆಳಗು ಮಾಡಿದರೆ ಲ್ಯಾಕ್ಟೋಮೀಟರ್. ಮೊಟ್ಟೆಯಿಂದ ನೀರನ್ನು ಅಳೆದ ಹಾಗೆ ಇಲ್ಲಿ ಗಾಜಿನ ಬುರುಡೆಯಿಂದ ಹಾಲನ್ನು ಅಳೆಯುತ್ತೇವೆ. ಬುರುಡೆಯ ತೂಕ ಬದಲಾಗುವುದಿಲ್ಲ. ತನ್ನ ತೂಕದಷ್ಟು ಹಾಲನ್ನು ಪಕ್ಕಕ್ಕೆ ಸರಿಸುವವರೆಗೆ ಮುಳುಗುತ್ತದೆ, ಆಮೇಲೆ ನಿಲ್ಲುತ್ತದೆ. ಹಾಲು ಗಟ್ಟಿಯಿದ್ದರೆ ಸ್ವಲ್ಪ ಸರಿಸಿದರೆ ಸಾಕು, ನೀರಾಗಿದ್ದರೆ ಹೆಚ್ಚು ಸರಿಸಬೇಕು, ಹಾಗಾಗಿ ಹೆಚ್ಚು ಮುಳುಗುತ್ತದೆ. ಅದಕ್ಕೇ ಕಡ್ಡಿಯ ಮೇಲೆ ಅಂಕಿಗಳು ಕೆಳಗೆ ಹೋದಂತೆ ದೊಡ್ಡದಾಗುತ್ತವೆ. 30ಕ್ಕೆ ನಿಂತರೆ ಹಾಲು ನೀರಿಗಿಂತ 1.030 ಪಟ್ಟು ಭಾರ ಅಂತ ಅರ್ಥ. ಡೈರಿಗೆ ಹಾಲು ಹಾಕುವವರು ಇದನ್ನೇ ಡಿಗ್ರಿ ಅನ್ನುತ್ತಾರೆ. ಒಂಬತ್ತು ಲೀಟರಿಗೆ ಒಂದು ಲೀಟರ್ ನೀರು ಬೆರೆಸಿದರೆ 30 ಇದ್ದದ್ದು 27ಕ್ಕೆ ಇಳಿಯುತ್ತದೆ. ಸಿಕ್ಕಿಬಿದ್ದ ಹಾಗೆ.

ಸಿಕ್ಕಿಬೀಳದ ದಾರಿಯೂ ಇದೆ, ಹೇಳಿದರೆ ಪಾಪ ಬರುತ್ತದೋ ಏನೋ. ಹಾಲಿನ ಕೊಬ್ಬು ನೀರಿಗಿಂತ ಹಗುರ. ಅದಕ್ಕೇ ಕೆನೆ ಮೇಲೆ ಬರುವುದು, ಮಜ್ಜಿಗೆ ಕಡೆದಾಗ ಬೆಣ್ಣೆ ತೇಲುವುದು. ಕೆನೆ ತೆಗೆದ ಹಾಲು ಮೊದಲಿಗಿಂತ ಭಾರವಾಗುತ್ತದೆ, ಡಿಗ್ರಿ 35ರ ಹತ್ತಿರ ಹೋಗುತ್ತದೆ. ಅಂಥ ಆರು ಲೀಟರಿಗೆ ಒಂದು ಲೀಟರ್ ನೀರು ಹಾಕಿ, ಮತ್ತೆ 30! ಕೆನೆಯೂ ಉಳಿಯಿತು, ನೀರೂ ಮಾರಾಟವಾಯಿತು, ಲ್ಯಾಕ್ಟೋಮೀಟರ್ ಶಹಭಾಸ್ ಅಂತು. ಹಾಗಾಗಿಯೇ ಡೈರಿಯಲ್ಲಿ ಡಿಗ್ರಿಯ ಜೊತೆ ಫ್ಯಾಟನ್ನೂ ನೋಡುವುದು. ಇನ್ನೊಂದು ಕಡೆ, ಒಳ್ಳೆಯ ಹಾಲಿಗೂ ಅನ್ಯಾಯವಾಗುತ್ತದೆ. ಆಗಷ್ಟೇ ಕರೆದ ಬಿಸಿ ನೊರೆಹಾಲಿಗೆ ಬುರುಡೆ ಇಳಿಸಿದರೆ ಕಡಿಮೆ ತೋರಿಸುತ್ತದೆ, ಬಿಸಿಗೆ ಹಾಲು ಹಿಗ್ಗಿರುತ್ತದೆ, ಒಳಗೆ ಗಾಳಿಯೂ ಇರುತ್ತದೆ. ಒಂದು ಸಲ ಹೀಗೇ ನಮ್ಮ ಪಕ್ಕದ ಮನೆಯ ಗೌಡಮ್ಮನವರ ಹಾಲನ್ನು ಯಾವುದೋ ಒಂದು ಡೈರಿಯಲ್ಲಿ ವಾಪಸು ಕಳಿಸಿದ್ದರು. ಅರ್ಧ ಗಂಟೆ ಬಿಟ್ಟು ಅದೇ ಕ್ಯಾನನ್ನು ತೆಗೆದುಕೊಂಡು ಹೋದರು, ಪಾಸಾಯಿತು. "ನನ್ ಮುಖ ನೋಡಿ ತಗೊಂಡ್ರು ಅನ್ಕಂಡಿದ್ದೆ" ಅಂದರು ನಾನು ಕಾರಣ ಹೇಳಿದಾಗ.

ಕಬ್ಬಿಣದ ಹಡಗು ತೇಲುವುದು ಹೇಗೆ ಅಂತ ಚೀಟಿ ಬಂದಿದೆ. ನಿಮ್ಮ ಮನೆಯ ಕಬ್ಬಿಣದ ಬಾಣಲೆಯನ್ನು ನೀರಿನ ತೊಟ್ಟಿಯಲ್ಲಿ ಬಿಟ್ಟು ನೋಡಿ, ಅಲ್ಲೇ ಉತ್ತರ ಇದೆ. ಒಂದು ಕೆ.ಜಿ. ಕಬ್ಬಿಣದ ಬಟ್ಟು 127 ಮಿಲಿಲೀಟರ್ ನೀರು ಸರಿಸುತ್ತದೆ, ಅಷ್ಟೇ ಗ್ರಾಂ ಎತ್ತಿಸಿಕೊಂಡು ಮುಳುಗುತ್ತದೆ. ಅದೇ ಕಬ್ಬಿಣವನ್ನು ತಟ್ಟಿ ಎರಡು ಲೀಟರ್ ಹಿಡಿಯುವ ಬಾಣಲೆ ಮಾಡಿದರೆ, ಅರ್ಧ ಮುಳುಗುವಷ್ಟರಲ್ಲೇ ಒಂದು ಲೀಟರ್ ಸರಿಸಿಬಿಟ್ಟಿರುತ್ತದೆ.

ಆದರೆ ತೇಲುವುದು ಒಂದು, ನೆಟ್ಟಗೆ ತೇಲುವುದು ಇನ್ನೊಂದು. ಹಂಪಿಯ ಹತ್ತಿರ ತಳವಾರಘಟ್ಟದಲ್ಲಿ ಹರಿಗೋಲು ಹತ್ತಿದವರಿಗೆ ಗೊತ್ತು. ಬಿದಿರಿನ ದೊಡ್ಡ ಮಂಕರಿ, ತಳಕ್ಕೆ ಡಾಂಬರು ಬಳಿದ ಹೊದಿಕೆ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪಯಸ್ ಇವುಗಳನ್ನು ನೋಡಿ ಬರೆದಿದ್ದಾನೆ: ಬುಟ್ಟಿಯ ಹಾಗೆ ದುಂಡು, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ಆದರೆ ನೆಟ್ಟಗೆ ಹೋಗದೆ ಗಿರಗಿರ ತಿರುಗುತ್ತವೆ. ಐನೂರು ವರ್ಷದಲ್ಲಿ ಚರ್ಮ ಹೋಯಿತು, ತಿರುಗುವುದು ಹೋಗಲಿಲ್ಲ. ಎರಡು ಮೀಟರ್ ಅಗಲದ ಹರಿಗೋಲಿಗೆ 60 ಕೆ.ಜಿ.ಯ ಒಬ್ಬರು ಹತ್ತಿದರೆ ಅದು ಎರಡು ಸೆಂ.ಮೀ.ನಷ್ಟು ಇಳಿಯುತ್ತದೆ. ಹತ್ತು ಜನಕ್ಕೆ ಒಂದು ಗೇಣು. ಲೆಕ್ಕ ಸಲೀಸು, ಭಯವಿಲ್ಲ. ಆದರೂ ಫೋಟೋ ತೆಗೆಯಲು ಎದ್ದು ನಿಂತರೆ ಅಂಬಿಗ ಗದರುತ್ತಾನೆ, "ನಿಂದ್ರಬ್ಯಾಡ್ರಿ ಸರ, ಕುಂದರ್ರಿ." ನಿಮ್ಮ ತೂಕ ಬದಲಾಗಲಿಲ್ಲ, ಸರಿಸಿದ ನೀರೂ ಬದಲಾಗಲಿಲ್ಲ. ಭಾರ ಮೇಲೆ ಹೋಯಿತು. ಹರಿಗೋಲು ಒಂದು ಕಡೆ ವಾಲಿದಾಗ ಆ ಕಡೆಯ ನೀರು ಹೆಚ್ಚು ಒತ್ತಿ ಅದನ್ನು ಮತ್ತೆ ಸರಿಮಾಡಬೇಕು. ಭಾರ ಬಹಳ ಎತ್ತರದಲ್ಲಿದ್ದರೆ ಅದು ಸರಿಮಾಡುವ ಬದಲು ಮಗುಚಿಯೇ ಹಾಕುತ್ತದೆ.

ಸ್ವೀಡನ್ನಿನ ರಾಜ ಕಟ್ಟಿಸಿದ ವಾಸಾ ಯುದ್ಧನೌಕೆಗೆ ಆದದ್ದು ಅದೇ. 1628ರ ಆಗಸ್ಟ್ 10, ಸ್ಟಾಕ್‌ಹೋಮಿನ ದಡದಲ್ಲಿ ಜನ ಸೇರಿದ್ದಾರೆ, ಮೊದಲ ಯಾನ. ಒಂದೂ ಕಾಲು ಕಿಲೋಮೀಟರ್ ಚಿಲ್ಲರೆ ಹೋಗುವಷ್ಟರಲ್ಲಿ ಒಂದು ಗಾಳಿಗೆ ವಾಲಿತು, ಫಿರಂಗಿಗಳ ಕಿಂಡಿಗಳಿಂದ ನೀರು ನುಗ್ಗಿತು, ಮುಳುಗಿತು. ಮೇಲಂತಸ್ತುಗಳ ಭಾರ ಅತಿಯಾಗಿತ್ತು. 1961ರಲ್ಲಿ ಅದನ್ನು ಮೇಲೆತ್ತಿದರು, ಈಗ ಮ್ಯೂಸಿಯಂನಲ್ಲಿದೆ.

ದೋಣಿಯ ಮಾತು ಬಂದಾಗ ಒಂದು ಒಗಟು. ನೀವು ಕಲ್ಲೊಂದನ್ನು ಇಟ್ಟುಕೊಂಡು ಸಣ್ಣ ಕಲ್ಯಾಣಿಯಲ್ಲಿ ದೋಣಿಯ ಮೇಲೆ ಕೂತಿದ್ದೀರಿ. ಕಲ್ಲನ್ನು ಎತ್ತಿ ನೀರಿಗೆ ಹಾಕಿದಿರಿ. ಕಲ್ಯಾಣಿಯ ಮಟ್ಟ ಏರುತ್ತದೋ, ಇಳಿಯುತ್ತದೋ? ಏರುತ್ತದೆ ಅಂತ ಎಲ್ಲರೂ ಕೂಗಿದಿರಿ. ಇಳಿಯುತ್ತದೆ. 26 ಕೆ.ಜಿ.ಯ ಕಲ್ಲು ದೋಣಿಯಲ್ಲಿದ್ದಾಗ ತನ್ನ ತೂಕಕ್ಕೆ ತಕ್ಕ 26 ಲೀಟರ್ ನೀರನ್ನು ಸರಿಸಿತ್ತು. ತಳ ಸೇರಿದ ಮೇಲೆ ಸರಿಸುವುದು ತನ್ನ ಗಾತ್ರದಷ್ಟನ್ನು ಮಾತ್ರ, ಸುಮಾರು ಹತ್ತು ಲೀಟರ್. ನಂಬದವರು ಮನೆಗೆ ಹೋಗಿ ಬಟ್ಟಲು, ಬೋಗುಣಿ, ಗುಂಡುಕಲ್ಲು ತೆಗೆದುಕೊಂಡು ನೋಡಿ.

ಈಗ ಪ್ರಶ್ನೆಗಳು. ತೇಲುವ ಕಲ್ಲು ಇದೆಯಂತಲ್ಲ ಸರ್? ಇದೆ. ಜ್ವಾಲಾಮುಖಿಯಿಂದ ನೊರೆಯಾಗಿ ಉಕ್ಕಿ ಗಟ್ಟಿಯಾದ ಪ್ಯೂಮಿಸ್ ಕಲ್ಲು, ತುಂಬಾ ತೂತು. ಇಂಡೋನೇಷ್ಯಾದ ಕ್ರಕಟೋವಾ 1883ರಲ್ಲಿ ಸಿಡಿದಾಗ ಇಂಥ ಕಲ್ಲಿನ ಚಾಪೆಗಳು ಹಿಂದೂ ಮಹಾಸಾಗರದ ಮೇಲೆ ತಿಂಗಳುಗಟ್ಟಲೆ ತೇಲುತ್ತಿದ್ದವು. ವಡೆ ಹಿಟ್ಟಿನ ಅಣ್ಣ ಅಂದುಕೊಳ್ಳಿ. ತೂತುಗಳಲ್ಲಿ ನೀರು ತುಂಬಿದರೆ ಅದೂ ಮುಳುಗುತ್ತದೆ.

ನೀರಿನ ಮೇಲೆ ಸೂಜಿ ನಿಲ್ಲುತ್ತದಲ್ಲ? ನಿಲ್ಲುತ್ತದೆ, ಆದರೆ ಅದು ತೇಲುವುದಲ್ಲ, ನೀರಿನ ಮೇಲ್ಮೈ ಚಾಪೆಯ ಹಾಗೆ ಹಿಡಿದಿರುವುದು. ಒಂದು ಹನಿ ಪಾತ್ರೆ ತೊಳೆಯುವ ಸೋಪು ಬಿಡಿ, ಮುಳುಗುತ್ತದೆ. ಮಂಜುಗಡ್ಡೆ? ನೀರು ಗಟ್ಟಿಯಾಗುವಾಗ ಹಿಗ್ಗುತ್ತದೆ, ಅದಕ್ಕೆ ತೇಲುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಒಳಗೆ.

ಕೊನೆಗೆ ಒಬ್ಬ ಹುಡುಗಿ ಕೇಳಿದಳು, "ನೀರು ವಸ್ತುವನ್ನು ಮೇಲಕ್ಕೆ ಒತ್ತಿದರೆ, ವಸ್ತು ನೀರನ್ನು ಕೆಳಕ್ಕೆ ಒತ್ತಬೇಕಲ್ವಾ ಸರ್?" ಇಡೀ ದಿನದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬರಲಿಲ್ಲ. ಈ ಪುಟ್ಟ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಅಂಕಿಯನ್ನು ಸೊನ್ನೆ ಮಾಡಿದೆ. ಬೆರಳನ್ನು ಲೋಟಕ್ಕೆ ತಾಕಿಸದೆ ನೀರಿನಲ್ಲಿ ಅದ್ದು ಅಂದೆ. ಅದ್ದಿದಳು. ತಕ್ಕಡಿ 9 ಗ್ರಾಂ ತೋರಿಸಿತು. ಬೆರಳು ಸರಿಸಿದ ನೀರಿನ ತೂಕ ಅದು, ಅಂದರೆ ಮುಳುಗಿದಷ್ಟು ಬೆರಳಿನ ಗಾತ್ರ 9 ಮಿಲಿಲೀಟರ್. ಗೆಲಿಲಿಯೊನ ತಂತಿ ಎಣಿಸುವ ಕಷ್ಟ ಈಗಿಲ್ಲ.

ಮುಂದಿನ ಸಾಲಿನ ಅಮ್ಮ ಎದ್ದು ಬಂದು ಬೆರಳಿನಿಂದ ಉಂಗುರ ಬಿಚ್ಚಿ ಕೊಟ್ಟರು. ಹರಳಿಲ್ಲದ ಸಾದಾ ಉಂಗುರ. ತೂಕ 5.32 ಗ್ರಾಂ. ದಾರ ಕಟ್ಟಿ, ತಳ ಮುಟ್ಟದ ಹಾಗೆ ನೀರಿನಲ್ಲಿ ಇಳಿಬಿಟ್ಟೆ. ತಕ್ಕಡಿ 0.30ಕ್ಕೆ ನಿಂತಿತು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 17.7. ಇಪ್ಪತ್ತೆರಡು ಕ್ಯಾರೆಟ್ ಇರಬೇಕಾದ ಜಾಗದಲ್ಲೇ ಇದೆ. ಹದಿನೆಂಟು ಕ್ಯಾರೆಟ್ ಆಗಿದ್ದರೆ 0.35ರ ಹತ್ತಿರ ತೋರಿಸಬೇಕಿತ್ತು. ಹಾಗಂತ ಇದೇ ಅಂತಿಮ ಅಲ್ಲ, ಟಂಗ್‌ಸ್ಟನ್ ಅನ್ನುವ ಲೋಹ ಹೆಚ್ಚುಕಮ್ಮಿ ಚಿನ್ನದಷ್ಟೇ ಭಾರ, ಅದನ್ನು ಒಳಗಿಟ್ಟರೆ ನೀರಿಗೆ ಗೊತ್ತಾಗುವುದಿಲ್ಲ; ಒಳಗೆ ಅರಗು ತುಂಬಿದ ಒಡವೆಗೂ ಈ ಲೆಕ್ಕ ಹತ್ತುವುದಿಲ್ಲ ಅಂದೆ.

ಅಮ್ಮ ಉಂಗುರ ಒರೆಸಿ ಮತ್ತೆ ಹಾಕಿಕೊಂಡರು. ಪಕ್ಕದಲ್ಲಿ ಕೂತಿದ್ದ ಯಜಮಾನರ ಕಡೆ ತಿರುಗಿ, "ನೋಡಿದ್ರಾ, ನಮ್ಮಪ್ಪ ಕೊಟ್ಟಿದ್ದು ಪಾಸಾಯ್ತು. ಮುಂದಿನ ಭಾನುವಾರ ನೀವು ಮಾಡಿಸಿದ ಬಳೆ ತರ್ತೀನಿ" ಅಂದರು.